ಬಡಗಿಯ ಮಗ ಕಟ್ಟಿದ ಮೆಟ್ಟಿಲು

ಪ್ರಶ್ನೆ: ನಾನು ಹಾಸನದ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಓದುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಗುಡ್ಡದ ಮೇಲೆ ಕೋಟೆಯ ಹಾಗಿರುವ ಕಲ್ಲಿನ ಕಟ್ಟಡ, ಪೇಟೆಯಲ್ಲಿ ಕಬ್ಬಿಣದ ಮುಂಭಾಗದ ಮಳಿಗೆ, ಒಂದು ಹಳೇ ಶ್ರೀಮಂತರ ಬಂಗಲೆ, ಗುಮ್ಮಟವಿರುವ ಕೋರ್ಟು ನೋಡಿದೆವು. ಯಾರು ಕಟ್ಟಿದ್ದು ಅಂತ ಕೇಳಿದರೆ ಪ್ರತಿ ಸಲವೂ ಒಂದೇ ಹೆಸರು, ಐಸಾಕ್ ಪೆರ್ರಿ. ಕಾಲೇಜಿಗೇ ಹೋಗದ ಬಡಗಿಯಂತೆ. ಸಣ್ಣ ಊರಿನ ಒಬ್ಬ ಮನುಷ್ಯ ಆ ಕಾಲದಲ್ಲಿ ಆರ್ಕಿಟೆಕ್ಟ್ ಆಗಿದ್ದು ಹೇಗೆ? ಅದರಿಂದ ಹೊಟ್ಟೆ ತುಂಬುತ್ತಿತ್ತೇ? ಈಗಲೂ ಹಾಗೆ ಆಗಬಹುದೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆವತ್ತು ಮಾಡಬೇಕಿದ್ದ ಡ್ರಾಯಿಂಗ್ ಪಕ್ಕಕ್ಕಿಟ್ಟು ಉತ್ತರ ಬರೆಯಲು ಕೂತೆ. ಶಿವಮೊಗ್ಗದಲ್ಲಿ ಮೂವತ್ತು ವರ್ಷದಿಂದ ಮನೆ, ಶಾಲೆ, ಕಲ್ಯಾಣ ಮಂಟಪ ಕಟ್ಟಿಸುತ್ತಿರುವವಳು ನಾನು. ದೊಡ್ಡ ಊರಿನ ಪ್ರಸಿದ್ಧರ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೆರ್ರಿಯಂಥವರ ಬಗ್ಗೆ ಕೇಳುವವರು ಕಡಿಮೆ. ನನಗಂತೂ ಪೆರ್ರಿ ಅಂದರೆ ನಮ್ಮವನೇ ಅನ್ನಿಸುತ್ತದೆ. ಸಣ್ಣ ಊರು, ನೂರು ಥರದ ಕೆಲಸ, ಎಲ್ಲರಿಗೂ ಮುಖ ಪರಿಚಯ. ಆ ಬದುಕು ನನಗೆ ಗೊತ್ತು.

ಪೆರ್ರಿ ಹುಟ್ಟಿದ್ದು 1822ರ ಮಾರ್ಚ್‌ನಲ್ಲಿ, ವರ್ಮಾಂಟ್ ರಾಜ್ಯದ ಬೆನಿಂಗ್ಟನ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿರುವ ಕೀಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಆಸೇಬಲ್ ನದಿಯ ದಡದ ಊರು ಅದು. ಮರ ಕೊಯ್ಯುವ ಗಿರಣಿ, ಕಬ್ಬಿಣದ ಕೆಲಸ, ಹತ್ತಿರದಲ್ಲೇ ಸಿಗುವ ಮರಳುಗಲ್ಲು. ಅಲ್ಲಿ 1843ರಲ್ಲಿ ನದಿಗೆ ಕಟ್ಟಿದ ಕಲ್ಲಿನ ಕಮಾನು ಸೇತುವೆ ಇವತ್ತಿಗೂ ನಿಂತಿದೆ. ಅದು ಮೇಲೇಳುವಾಗ ನಮ್ಮ ಹುಡುಗನಿಗೆ 21 ವರ್ಷ. ಅಪ್ಪ ಸೆನೆಕಾ ಪೆರ್ರಿ ಬಡಗಿ. ಮಗ ಅಪ್ಪನ ಕೈಕೆಳಗೇ ಉಳಿ ಹಿಡಿದ. 1840ರ ದಶಕ ಮುಗಿಯುವ ಹೊತ್ತಿಗೆ ಅಪ್ಪ ಮಗ ಸೇರಿ ಕೆಲಸ ಹಿಡಿಯುತ್ತಿದ್ದರು. ಮರದ ಕೆಲಸದ ಜೊತೆಗೆ ಮನೆಯ ನಕ್ಷೆಯನ್ನೂ ಮಾಡಿಕೊಡುತ್ತೇವೆ ಅನ್ನುವ ಮಟ್ಟಕ್ಕೆ ಮಗ ಬಂದಿದ್ದ.

ಇಲ್ಲಿ ಒಂದು ಮಾತು. ಆಗ ಅಮೆರಿಕದಲ್ಲಿ ಆರ್ಕಿಟೆಕ್ಚರ್ ಕಲಿಸುವ ಕಾಲೇಜೇ ಇರಲಿಲ್ಲ. ಮೊದಲನೆಯದು ಬಾಸ್ಟನ್ನಿನ ಎಂಐಟಿಯಲ್ಲಿ, ಪಾಠ ಶುರುವಾಗಿದ್ದು 1868ರಲ್ಲಿ. ಅಷ್ಟು ಹೊತ್ತಿಗೆ ಪೆರ್ರಿಗೆ 46 ವರ್ಷ ಆಗಿತ್ತು. ಲೈಸೆನ್ಸ್ ಅನ್ನುವುದೂ ಇರಲಿಲ್ಲ. ಅಲ್ಲಿ ಮೊದಲು ಅಂಥ ಕಾನೂನು ತಂದ ರಾಜ್ಯ ಇಲಿನಾಯ್, 1897ರಲ್ಲಿ. ನ್ಯೂಯಾರ್ಕ್ ತಂದದ್ದು 1915ರಲ್ಲಿ, ಪೆರ್ರಿ ತೀರಿಕೊಂಡು 11 ವರ್ಷ ಆದ ಮೇಲೆ. ಅಂದರೆ ನಾನು ಆರ್ಕಿಟೆಕ್ಟ್ ಅಂತ ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. ಜನ ನಂಬಿ ಕೆಲಸ ಕೊಡುತ್ತಾರಾ ಅನ್ನುವುದಷ್ಟೇ ಪರೀಕ್ಷೆ. ಕಲಿಯುವುದಕ್ಕೆ ದಾರಿ ಮೂರೇ. ಅಪ್ಪನ ಅಥವಾ ಮೇಸ್ತ್ರಿಯ ಹತ್ತಿರ ಕೈಕೆಲಸ, ಬಡಗಿಗಳಿಗಾಗಿ ಅಚ್ಚಾಗುತ್ತಿದ್ದ ಚಿತ್ರ ತುಂಬಿದ ಮಾದರಿ ಪುಸ್ತಕಗಳು, ಆಮೇಲೆ ದೊಡ್ಡ ಊರಿನ ಯಾವುದಾದರೂ ಆಫೀಸಿನಲ್ಲಿ ನಾಲ್ಕು ವರ್ಷ ನಕ್ಷೆ ಬರೆಯುವ ದುಡಿಮೆ. ಪೆರ್ರಿ ಮೂರನ್ನೂ ಹಿಡಿದ.

ಆದರೆ ಅವನು ಊರಲ್ಲಿ ಹೆಸರು ಮಾಡಿದ್ದು ಇನ್ನೊಂದರಿಂದ. ಸುತ್ತು ಮೆಟ್ಟಿಲು. ಕೀಸ್‌ವಿಲ್‌ನಲ್ಲಿ ರೆಂಬ್ರಾಂಟ್ ಹಾಲ್ ಅನ್ನುವ ಮನೆಯೊಂದಿದೆ, 1851ರದು. ಅದರೊಳಗಿನ ಸುರುಳಿ ಮೆಟ್ಟಿಲು ಪೆರ್ರಿಯ ಕೈಕೆಲಸ. ನೀವು ಇದನ್ನು ಒಂದು ಸಣ್ಣ ವಿವರ ಅಂತ ದಾಟಿಬಿಡಬೇಡಿ. ನನ್ನ ಪ್ರಕಾರ ಅವನ ಇಡೀ ಬದುಕಿನ ಬೀಗದ ಕೈ ಇಲ್ಲೇ ಇದೆ.

ಯಾಕೆ ಅಂತ ಹೇಳುತ್ತೇನೆ. ಗೋಡೆ ಕಟ್ಟುವಾಗ ಅರ್ಧ ಇಂಚು ಆಚೀಚೆ ಆದರೆ ಗಾರೆ ಮುಚ್ಚುತ್ತದೆ. ಬಾಗಿಲ ಚೌಕಟ್ಟು ಸ್ವಲ್ಪ ವಾಲಿದರೆ ಆಪು ಹೊಡೆದು ಸರಿ ಮಾಡುತ್ತಾರೆ. ಮೆಟ್ಟಿಲು ಯಾವುದನ್ನೂ ಕ್ಷಮಿಸುವುದಿಲ್ಲ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಎಷ್ಟು ಎತ್ತರ ಅನ್ನುವುದನ್ನು ಸರಿಯಾಗಿ ಅಳೆಯಬೇಕು. ಅದನ್ನು ಸಮಸಮವಾಗಿ ಭಾಗ ಮಾಡಬೇಕು. ಏರು ಅಂದರೆ ಒಂದು ಮೆಟ್ಟಿಲಿನ ಎತ್ತರ, ತುಳಿ ಅಂದರೆ ಕಾಲಿಡುವ ಅಗಲ. ಎರಡು ಏರು, ಒಂದು ತುಳಿ ಸೇರಿದರೆ ಸುಮಾರು 24 ಇಂಚು ಬರಬೇಕು ಅನ್ನುವುದು ಹಳೇ ಲೆಕ್ಕ. ಮನುಷ್ಯನ ಹೆಜ್ಜೆಯ ಅಳತೆ ಅದು. ಇದು ನೇರ ಮೆಟ್ಟಿಲಿಗಾಯಿತು. ಸುತ್ತು ಮೆಟ್ಟಿಲಲ್ಲಿ ಒಳಗಡೆ ತುದಿ ಕಿರಿದು, ಹೊರಗಡೆ ಅಗಲ. ಕಾಲು ಬೀಳುವುದು ನಡುವೆ ಎಲ್ಲೋ, ಒಳಗಿನ ಹಿಡಿಕೆಯಿಂದ ಒಂದೂವರೆ ಅಡಿ ದೂರದಲ್ಲಿ. ಆ ಗೆರೆಯ ಮೇಲೆ ಅಳತೆ ಸರಿ ಬಂದರೆ ಮಾತ್ರ ಕತ್ತಲಲ್ಲೂ ಇಳಿಯಬಹುದು. ಹಿಡಿಕೆಯ ಮರವಂತೂ ಒಂದೇ ಸಲಕ್ಕೆ ಎರಡು ಕಡೆ ತಿರುಗುತ್ತದೆ. ಸುತ್ತುತ್ತಲೂ ಇರಬೇಕು, ಏರುತ್ತಲೂ ಇರಬೇಕು. ಅದನ್ನು ಬಗ್ಗಿಸಿ ಮಾಡುವುದಲ್ಲ, ದಪ್ಪ ತುಂಡಿನ ಒಳಗಿಂದ ಕೊರೆದು ತೆಗೆಯುವುದು. ಬಡಗಿ ಮೊದಲು ನೆಲದ ಮೇಲೆ ನಿಜವಾದ ಅಳತೆಯಲ್ಲೇ ಗೆರೆ ಹಾಕಿಕೊಳ್ಳುತ್ತಾನೆ. ಚಪ್ಪಟೆ ನೆಲದ ಮೇಲಿನ ಗೆರೆ ಗಾಳಿಯಲ್ಲಿ ಹೇಗೆ ಏಳುತ್ತದೆ ಅಂತ ಅವನ ತಲೆಯೊಳಗೆ ಕಾಣಬೇಕು. ಇದು ಬಂದವನಿಗೆ ಕಟ್ಟಡದ ಜ್ಯಾಮಿತಿಯಲ್ಲಿ ಕಷ್ಟದ ಪಾಠವೇ ಬಂದಂತೆ.

ನನ್ನದೇ ಒಂದು ಅನುಭವ ಹೇಳಬೇಕು. ನಾನು ಕೆಲಸಕ್ಕೆ ಹೊಸಬಳಾಗಿದ್ದಾಗ ಒಂದು ಶಾಲೆಗೆ ಮೆಟ್ಟಿಲು ಬರೆದುಕೊಟ್ಟೆ. ಲೆಕ್ಕ ಸರಿಯಾಗಿತ್ತು. ಆದರೆ ಕೆಳಗಿನ ನೆಲಕ್ಕೆ ಹಾಸುವ ಕಲ್ಲಿನ ದಪ್ಪ ಸೇರಿಸುವುದು ಮರೆತಿದ್ದೆ. ಕಲ್ಲು ಹಾಸಿದ ಮೇಲೆ ಮೊದಲ ಮೆಟ್ಟಿಲು ಮಿಕ್ಕವಕ್ಕಿಂತ ಒಂದು ಇಂಚು ಗಿಡ್ಡ ಆಯಿತು. ಮೊದಲ ವಾರದಲ್ಲೇ ಮಕ್ಕಳು ಅಲ್ಲಿ ಮುಗ್ಗರಿಸತೊಡಗಿದರು. ಒಬ್ಬ ಹುಡುಗನ ತುಟಿ ಒಡೆಯಿತು. ಕಣ್ಣಿಗೆ ಕಾಣದ ಒಂದು ಇಂಚನ್ನು ಕಾಲು ಹಿಡಿದಿತ್ತು. ವಯಸ್ಸಾದ ಮೇಸ್ತ್ರಿ ಒಬ್ಬರು ಬಂದು, ಏನೂ ಬಯ್ಯದೆ, ಪೂರ್ತಿ ಸಾಲನ್ನೇ ಮತ್ತೆ ಹಂಚಿ ಗಾರೆ ಕೊಟ್ಟರು. "ಅಮ್ಮಾ, ಮೆಟ್ಟಿಲನ್ನ ಮುಗಿದ ನೆಲದಿಂದ ಎಣಿಸಬೇಕು" ಅಂದರು. ಪೆರ್ರಿಗೆ ಇಂಥದ್ದು ಅಪ್ಪನ ಪಕ್ಕ ನಿಂತೇ ತಿಳಿದಿರುತ್ತದೆ. ಅದಕ್ಕೇ ಅವನನ್ನು ಕಂಡರೆ ನನಗೆ ಗೌರವ.

1850ರ ದಶಕದಲ್ಲಿ ಪೆರ್ರಿ ನ್ಯೂಯಾರ್ಕ್ ನಗರಕ್ಕೆ ಹೋದ. ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಥಾಮಸ್ ಜ್ಯಾಕ್ಸನ್ ಎಂಬ ಆರ್ಕಿಟೆಕ್ಟ್ ಆಫೀಸಿನಲ್ಲಿ ಸೇರಿಕೊಂಡ. ಆಗ ಅವನಿಗೆ 30 ದಾಟಿತ್ತು. ಊರಲ್ಲಿ ಹೆಸರಿದ್ದ ಬಡಗಿ, ನಗರದಲ್ಲಿ ಮತ್ತೆ ಕೈಕೆಳಗಿನ ಕೆಲಸ. ಇದಕ್ಕೆ ದೊಡ್ಡ ಮನಸ್ಸು ಬೇಕು.

ನೀವು ಗುಡ್ಡದ ಮೇಲೆ ನೋಡಿದ ಕೋಟೆ ಬರುವುದು ಇಲ್ಲಿ. ಜೋಸೆಫ್ ಎಡ್ವರ್ಡ್ ಟರ್ನರ್ ಅಂತ ಒಬ್ಬ ಡಾಕ್ಟರ್ ಇದ್ದರು. ಕುಡಿತ ಪಾಪವಲ್ಲ, ಕಾಯಿಲೆ, ಅದಕ್ಕೆ ಜೈಲಲ್ಲ, ಆಸ್ಪತ್ರೆ ಬೇಕು ಅನ್ನುವುದು ಅವರ ವಾದ. ಆ ಕಾಲಕ್ಕೆ ಅದು ತೀರಾ ಹೊಸ ಮಾತು. ವರ್ಷಗಟ್ಟಲೆ ಓಡಾಡಿ ರಾಜ್ಯದ ಒಪ್ಪಿಗೆ ತಂದರು. ನಕ್ಷೆ ಮಾಡಲು ಅವರು ಹಿಡಿದದ್ದು, ತನ್ನ ಹೆಸರಲ್ಲಿ ಒಂದೂ ದೊಡ್ಡ ಕಟ್ಟಡ ಇಲ್ಲದ ಪೆರ್ರಿಯನ್ನು. 1858ರ ಸೆಪ್ಟೆಂಬರ್‌ನಲ್ಲಿ ಬಿಂಗ್‌ಹ್ಯಾಂಟನ್‌ನ ಗುಡ್ಡದ ಮೇಲೆ ಅಡಿಗಲ್ಲು ಬಿತ್ತು. 1864ರಲ್ಲಿ ರೋಗಿಗಳಿಗೆ ಬಾಗಿಲು ತೆರೆಯಿತು. ಕುಡಿತದ ಚಿಕಿತ್ಸೆಗೆ ಅಂತಲೇ ಕಟ್ಟಿದ ಆಸ್ಪತ್ರೆ ಆ ದೇಶದಲ್ಲಿ ಅದೇ ಮೊದಲು. ಬುರುಜು, ತೆನೆಗೋಡೆ, ಚೂಪು ಕಿಟಕಿ ಎಲ್ಲ ಇರುವ ಗಾಥಿಕ್ ರೀತಿಯ ಕಲ್ಲಿನ ಕಟ್ಟಡ. ಆಸ್ಪತ್ರೆ ಮಾತ್ರ ಟರ್ನರ್ ಕನಸಿನ ಹಾಗೆ ನಡೆಯಲಿಲ್ಲ. 1879ರಲ್ಲಿ ರಾಜ್ಯ ಅದನ್ನು ಮಾನಸಿಕ ರೋಗಿಗಳ ಆಸ್ಪತ್ರೆಯಾಗಿ ಬದಲಾಯಿಸಿತು. ಕಟ್ಟಡ ಶಿಥಿಲವಾಗಿ 1993ರಲ್ಲಿ ಮುಚ್ಚಿದರು. 1997ರಲ್ಲಿ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿತು. ನಿಮ್ಮನ್ನು ಒಳಗೆ ಬಿಡದೆ ಹೊರಗಿಂದಲೇ ನೋಡಿ ಬರುವ ಹಾಗಾಗಿದ್ದು ಅದಕ್ಕೇ ಇರಬೇಕು.

ಈ ಒಂದು ಕೆಲಸ ಪೆರ್ರಿಯ ಬದುಕನ್ನು ಬಿಂಗ್‌ಹ್ಯಾಂಟನ್‌ಗೆ ಕಟ್ಟಿಹಾಕಿತು. ವರ್ಷಗಟ್ಟಲೆ ನಡೆಯುವ ಕಟ್ಟಡವನ್ನು ದೂರದಿಂದ ನೋಡಿಕೊಳ್ಳಲು ಆಗುವುದಿಲ್ಲ. ಅಲ್ಲೇ ನೆಲೆಸಿದ. ಊರೂ ಬೆಳೆಯುವ ಹಂತದಲ್ಲಿತ್ತು. ಸಸ್ಕ್ವೆಹಾನಾ, ಚೆನಾಂಗೊ ಎರಡು ನದಿ ಕೂಡುವ ಜಾಗ ಅದು. 1837ರಲ್ಲಿ ಕಾಲುವೆ ಬಂದಿತ್ತು, 1848ರಲ್ಲಿ ರೈಲು ಬಂತು. 1867ರಲ್ಲಿ ನಗರ ಅನ್ನಿಸಿಕೊಂಡಿತು. 1870ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 12,700 ಜನ. 1890ಕ್ಕೆ 35,000. ಅಷ್ಟರಲ್ಲಿ ಚುಟ್ಟಾ ತಯಾರಿಕೆಯಲ್ಲಿ ನ್ಯೂಯಾರ್ಕ್ ನಗರ ಬಿಟ್ಟರೆ ಇದೇ ಅನ್ನುವಷ್ಟು ಹೆಸರು ಮಾಡಿತ್ತು. ಹೊಸ ದುಡ್ಡು ಬಂದ ಊರಿಗೆ ಏನೇನು ಬೇಕು? ಬ್ಯಾಂಕು ಬೇಕು, ಚರ್ಚು ಬೇಕು, ಶಾಲೆ ಬೇಕು, ಅಂಗಡಿ ಸಾಲು ಬೇಕು. ದುಡ್ಡು ಮಾಡಿದವರಿಗೆ ಬೀದಿಯಲ್ಲಿ ಎದ್ದು ಕಾಣುವ ಮನೆ ಬೇಕು. ಇವೆಲ್ಲಕ್ಕೂ ಗುಡ್ಡದ ಮೇಲೆ ಕೋಟೆ ಕಟ್ಟಿದವನು ಕೈಗೆ ಸಿಗುವ ದೂರದಲ್ಲೇ ಇದ್ದ.

ಹೀಗಾಗಿ ಸಣ್ಣ ಊರಿನ ಆರ್ಕಿಟೆಕ್ಟ್‌ಗೆ ಒಂದೇ ಶೈಲಿ ಅಂತ ಇರಲು ಸಾಧ್ಯವಿರಲಿಲ್ಲ. ಸೇಂಟ್ ಪ್ಯಾಟ್ರಿಕ್ ಚರ್ಚಿಗೆ ಗಾಥಿಕ್ ಬೇಕು. 1870ರಲ್ಲಿ ಶೆರ್ಮನ್ ಫೆಲ್ಪ್ಸ್ ಎಂಬ ಬ್ಯಾಂಕಿನ ಯಜಮಾನರಿಗೆ ಪ್ಯಾರಿಸ್ಸಿನ ಫ್ಯಾಷನ್ ಬೇಕು. ನೀವು ನೋಡಿದ ಬಂಗಲೆ ಅದೇ ಇರಬೇಕು, ಈಗ ಮ್ಯೂಸಿಯಂ. ಮೇಲುಗಡೆ ಕಡಿದಾದ ಮ್ಯಾನ್ಸರ್ಡ್ ಛಾವಣಿ ಇದ್ದದ್ದು ನೆನಪಿದೆಯಾ? ಇನ್ನು ಪೇಟೆಯ ಕಬ್ಬಿಣದ ಮುಂಭಾಗದ ಮಳಿಗೆ 1876ರ ಪೆರ್ರಿ ಬ್ಲಾಕ್. ಎರಕದ ಕಬ್ಬಿಣದಲ್ಲಿ ಕಂಬ, ಕಮಾನು ಎಲ್ಲ ಫೌಂಡ್ರಿಯಲ್ಲೇ ಹೊಯ್ದು, ರೈಲಿನಲ್ಲಿ ತಂದು, ಬೋಲ್ಟು ಹಾಕಿ ಜೋಡಿಸುವ ಪದ್ಧತಿ ಆಗ ನ್ಯೂಯಾರ್ಕ್ ನಗರದಲ್ಲಿ ಜೋರಾಗಿತ್ತು. ಕಂಬ ಸಣ್ಣದಾಗುವುದರಿಂದ ಗಾಜು ದೊಡ್ಡದಾಗುತ್ತದೆ, ಅಂಗಡಿಗೆ ಬೆಳಕು ಜಾಸ್ತಿ. ದೊಡ್ಡ ನಗರದ ಪದ್ಧತಿಯನ್ನು ಸಣ್ಣ ಪೇಟೆಗೆ ತಂದು, ಇಲ್ಲೂ ಆಗುತ್ತದೆ ಅಂತ ತೋರಿಸುವುದು ಇಂಥವರ ಮುಖ್ಯ ಕೆಲಸಗಳಲ್ಲಿ ಒಂದು.

ಪೆರ್ರಿಗೆ ಸ್ವಂತ ಶೈಲಿಯೇ ಇರಲಿಲ್ಲ, ಕೇಳಿದ್ದು ಮಾಡಿಕೊಟ್ಟ ಅಂತ ಕೆಲವರು ಅವನನ್ನು ಕಡೆಗಣಿಸುತ್ತಾರೆ. ನಾನು ಒಪ್ಪುವುದಿಲ್ಲ. ಊರಿನ ಜನ ಏನು ಕೇಳುತ್ತಾರೋ ಅದನ್ನು ನೂರು ವರ್ಷ ಬಾಳುವ ಹಾಗೆ ಕಟ್ಟಿಕೊಡುವುದು ಸಣ್ಣ ಕೆಲಸವಲ್ಲ. ಹೌದು, ಹೊಸ ರೂಪ ಹುಟ್ಟಿಸಿದವರ ಸಾಲಿನಲ್ಲಿ ಅವನಿಲ್ಲ. ಅವನ ಜಾಣತನ ಬೇರೆ ಕಡೆ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಹೊಟ್ಟೆ ತುಂಬುತ್ತಿತ್ತೇ ಅಂದಿರಲ್ಲ, ಅದಕ್ಕೆ ಬರುತ್ತೇನೆ. ಆ ಕಾಲದಲ್ಲಿ ನಕ್ಷೆಗೆ ದುಡ್ಡು ಕೊಡಬೇಕು ಅನ್ನುವುದೇ ಬಹಳ ಜನಕ್ಕೆ ಒಪ್ಪಿಗೆ ಇರಲಿಲ್ಲ. ಕಟ್ಟುವವನೇ ಸುಮ್ನೆ ಬರೆದುಕೊಡುತ್ತಾನೆ, ಅದಕ್ಕೆ ಬೇರೆ ಫೀಸು ಯಾಕೆ ಅನ್ನುತ್ತಿದ್ದರು. ನಮ್ಮಲ್ಲೂ ಈ ಮಾತು ಇವತ್ತಿಗೂ ಕೇಳುತ್ತೇನೆ. 1861ರಲ್ಲಿ ರಿಚರ್ಡ್ ಮಾರಿಸ್ ಹಂಟ್ ಎಂಬ ಆರ್ಕಿಟೆಕ್ಟ್ ಫೀಸು ಕೊಡದ ಮನೆಯವರ ಮೇಲೆ ನ್ಯೂಯಾರ್ಕಿನ ಕೋರ್ಟಿಗೇ ಹೋಗಬೇಕಾಯಿತು. ಕಟ್ಟಡದ ಖರ್ಚಿನಲ್ಲಿ ಶೇಕಡಾ 5 ಕೇಳಿದರು, ಸಿಕ್ಕಿದ್ದು ಎರಡೂವರೆ. ಆದರೂ ನಕ್ಷೆಗೆ ಬೆಲೆ ಇದೆ ಅಂತ ಕೋರ್ಟು ಒಪ್ಪಿದ್ದೇ ದೊಡ್ಡದು. ಪ್ಯಾರಿಸ್ಸಿನಲ್ಲಿ ಓದಿ ಬಂದ ಹಂಟ್‌ಗೇ ಈ ಪಾಡು. ಸಣ್ಣ ಊರಿನವನು ನಕ್ಷೆಯೊಂದನ್ನೇ ನಂಬಿದರೆ ಬದುಕು ನಡೆಯುವುದು ಕಷ್ಟ. ಅದಕ್ಕೇ ಇಂಥವರು ಸೈಟಿನ ಮೇಲುಸ್ತುವಾರಿ, ಖರ್ಚಿನ ಅಂದಾಜು, ಕಂಟ್ರಾಕ್ಟರ್ ಲೆಕ್ಕ ತಾಳೆ ನೋಡುವುದು ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಬಡಗಿಯಾಗಿ ಬಂದವನಿಗೆ ಇಲ್ಲಿ ಲಾಭ. ಮರ ಎಷ್ಟು ಬೇಕು, ಕೂಲಿ ಎಷ್ಟು ಬೀಳುತ್ತದೆ, ಯಾರು ಎಲ್ಲಿ ಕದಿಯುತ್ತಾರೆ ಅನ್ನುವುದು ಅವನಿಗೆ ಗೊತ್ತು.

ಈ ಗೊತ್ತಿರುವಿಕೆಯೇ ಅವನನ್ನು 61ನೇ ವಯಸ್ಸಿನಲ್ಲಿ ರಾಜಧಾನಿ ಆಲ್ಬನಿಗೆ ಕರೆದೊಯ್ದದ್ದು.

ಆಲ್ಬನಿಯ ಕ್ಯಾಪಿಟಲ್, ಅಂದರೆ ನಮ್ಮ ವಿಧಾನಸೌಧದಂಥದ್ದು, 1867ರಲ್ಲಿ ಶುರುವಾಗಿತ್ತು. ಮೊದಲು ಅದನ್ನು ಬರೆದವರು ಥಾಮಸ್ ಫುಲ್ಲರ್. ಕೆನಡಾದ ಸಂಸತ್ತಿನ ಕಟ್ಟಡದಲ್ಲಿ ಕೈಯಾಡಿಸಿದ್ದವರು. ಖರ್ಚು ಏರುತ್ತಾ ಹೋಯಿತು, ಕಟ್ಟಡ ಏರಲಿಲ್ಲ. 1876ರಲ್ಲಿ ಅವರನ್ನು ತೆಗೆದು ಮೂವರನ್ನು ತಂದರು. ಲಿಯೊಪೋಲ್ಡ್ ಐಡ್ಲಿಟ್ಸ್, ಹೆನ್ರಿ ಹಾಬ್ಸನ್ ರಿಚರ್ಡ್‌ಸನ್, ಜೊತೆಗೆ ಸೆಂಟ್ರಲ್ ಪಾರ್ಕ್ ಮಾಡಿದ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್. ದೇಶದ ದೊಡ್ಡ ತಲೆಗಳು. ಕೆಳಗಿನ ಅಂತಸ್ತು ಫುಲ್ಲರ್ ಇಟಲಿಯ ರೀತಿಯಲ್ಲಿ ಎಬ್ಬಿಸಿದ್ದರು. ಇವರು ಅದರ ಮೇಲೆ ಬೇರೆ ರೀತಿ ಕೂರಿಸಿದರು. ಅಸೆಂಬ್ಲಿ ಸಭಾಂಗಣಕ್ಕೆ ಐಡ್ಲಿಟ್ಸ್ ಕಟ್ಟಿದ ಕಲ್ಲಿನ ಕಮಾನು ಛಾವಣಿ ನೋಡಲು ಅದ್ಭುತವಾಗಿತ್ತಂತೆ, ಆದರೆ ಬಿರುಕು ಬಿಟ್ಟಿತು. ಶಾಸಕರ ತಲೆಯ ಮೇಲೆ ಕಲ್ಲಿನ ಚೂರು ಉದುರುವ ಭಯ. ಕೊನೆಗೆ 1888ರಲ್ಲಿ ಅದನ್ನು ಬಿಚ್ಚಿ, ಕೆಳಗೆ ಚಪ್ಪಟೆ ಛಾವಣಿ ಹಾಕಿದರು. ಮೇಲಿದ್ದ, ಚಿತ್ರಕಾರ ವಿಲಿಯಂ ಮಾರಿಸ್ ಹಂಟ್ ಅವರ ಭಿತ್ತಿಚಿತ್ರಗಳು ಕಣ್ಣಿಂದ ಮರೆಯಾದವು.

1883ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಗವರ್ನರ್ ಆದರು. ಮುಂದೆ ಅಧ್ಯಕ್ಷರೂ ಆದರಲ್ಲ, ಅವರೇ. 16 ವರ್ಷದಿಂದ ಮುಗಿಯದ ಕಟ್ಟಡ ಅವರ ಮುಂದಿತ್ತು. ಮಂಡಳಿ ಸಾಕು, ಇಡೀ ಹೊಣೆ ಹೊರುವ ಒಬ್ಬ ಮನುಷ್ಯ ಬೇಕು ಅಂತ ತೀರ್ಮಾನಿಸಿ ಐಸಾಕ್ ಪೆರ್ರಿಯನ್ನು ಕಮಿಷನರ್ ಮಾಡಿದರು. ನೋಡಿ, ರಿಚರ್ಡ್‌ಸನ್ ಹಾರ್ವರ್ಡ್ ಮತ್ತು ಪ್ಯಾರಿಸ್ಸಿನಲ್ಲಿ ಓದಿದವರು, ಬಾಸ್ಟನ್ನಿನ ಟ್ರಿನಿಟಿ ಚರ್ಚ್ ಕಟ್ಟಿದವರು. ನನ್ನ ಮಟ್ಟಿಗೆ ಆ ಶತಮಾನದ ದೊಡ್ಡ ಕಲಾವಿದರಲ್ಲಿ ಒಬ್ಬರು. ಅವರು ಬಿಟ್ಟುಹೋದ ಜಾಗಕ್ಕೆ ಬಂದದ್ದು ಕೀಸ್‌ವಿಲ್‌ನ ಬಡಗಿಯ ಮಗ. ಬೇರೆಯವರ ಅರ್ಧಂಬರ್ಧ ಕೆಲಸ ಮುಗಿಸಿಕೊಡುವುದು ನಮ್ಮ ಕಸುಬಿನಲ್ಲಿ ಯಾರಿಗೂ ಬೇಡದ ಕೆಲಸ. ಹೆಸರು ಮೊದಲಿನವರಿಗೆ, ಬೈಗುಳ ಕೊನೆಯವನಿಗೆ. ಪೆರ್ರಿ 16 ವರ್ಷ ಅದನ್ನೇ ಮಾಡಿದ. ನಾನು ಹೇಳಿದ ಜಾಣತನ ಇದು. ಮುಗಿಸುವ ಜಾಣತನ.

ಅಲ್ಲಿ ಅವನ ಮುಂದೆ ಬಂದ ಅತಿ ದೊಡ್ಡ ಕೆಲಸ ಯಾವುದು ಗೊತ್ತಾ ಮೇಷ್ಟ್ರೇ? ಮೆಟ್ಟಿಲು!

ಪಶ್ಚಿಮದ ಮಹಾ ಮೆಟ್ಟಿಲಿನ ಮೂಲ ಕಲ್ಪನೆ ರಿಚರ್ಡ್‌ಸನ್ ಅವರದು. ಅವರು 1886ರಲ್ಲಿ, ಇನ್ನೂ 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅದನ್ನು ತಿದ್ದಿ, ಬೆಳೆಸಿ, ಕಲ್ಲಿನಲ್ಲಿ ನಿಲ್ಲಿಸಿದ್ದು ಪೆರ್ರಿ. ಮುಗಿದದ್ದು 1897ರಲ್ಲಿ. ಅದೇ ವರ್ಷ ಇತ್ತ ನಮ್ಮ ಮೈಸೂರಿನ ಹಳೇ ಮರದ ಅರಮನೆ ಬೆಂಕಿಗೆ ಸಿಕ್ಕಿತು, ಕಾಲದ ಅಂದಾಜಿಗೆ ಹೇಳಿದೆ. ಎತ್ತರ 119 ಅಡಿ, ಒಟ್ಟು 444 ಮೆಟ್ಟಿಲು. ಖರ್ಚು ಹತ್ತು ಲಕ್ಷ ಡಾಲರ್ ದಾಟಿತು. ಅದಕ್ಕೇ ಜನ ಅದನ್ನು ಮಿಲಿಯನ್ ಡಾಲರ್ ಮೆಟ್ಟಿಲು ಅನ್ನುತ್ತಾರೆ.

ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಎಂಟು ವರ್ಷದ ಹಿಂದೆ ಅಕ್ಕನ ಮಗನ ಮನೆಗೆ ಹೋದಾಗ ಹಟ ಮಾಡಿ ಆಲ್ಬನಿಗೆ ಕರೆದುಕೊಂಡು ಹೋಗಿಸಿಕೊಂಡೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮೆಟ್ಟಿಲಲ್ಲ, ಬೆಳಕು. ಮೇಲಿನ ಗಾಜಿನ ಛಾವಣಿಯಿಂದ ಇಳಿದು ಬರುತ್ತದೆ. ಕೆಂಪು ಛಾಯೆಯ ಮರಳುಗಲ್ಲು ಆ ಬೆಳಕಿಗೆ ಬೆಚ್ಚಗೆ ಕಾಣುತ್ತದೆ. ಮೆಟ್ಟಿಲು ಒಂದೇ ಸಾಲಾಗಿ ಏರುವುದಿಲ್ಲ. ಎಡಕ್ಕೆ ಬಲಕ್ಕೆ ಕವಲಾಗಿ, ಕಮಾನುಗಳ ಮೇಲೆ ಒರಗಿ, ಮತ್ತೆ ಕೂಡಿ ಏರುತ್ತದೆ. ನಾನು ಹಿಡಿಕೆಯ ಮೇಲೆ ಕೈಯಿಟ್ಟು ಒಂದೊಂದೇ ಹತ್ತಿದೆ. ಒಂದು ಕಡೆಯೂ ಕಾಲು ತಡವರಿಸಲಿಲ್ಲ. ಏರು ಸಣ್ಣದು, ತುಳಿ ಅಗಲ. ಎರಡು ಅಂತಸ್ತು ಹತ್ತಿದ ಮೇಲೂ ಏದುಸಿರು ಬರಲಿಲ್ಲ. 1851ರ ಮನೆಯ ಸುರುಳಿ ಮೆಟ್ಟಿಲು ಮಾಡಿದ ಕೈಯೇ ಇದರ ಹಿಂದೆ ಇತ್ತು ಅನ್ನುವುದು ನನಗೆ ಅಲ್ಲಿ ಪಾದಕ್ಕೇ ತಿಳಿಯಿತು.

ಇನ್ನೊಂದು ವಿಷಯ, ನೀವು ಹೋದರೆ ಇದಕ್ಕಾಗಿ ಅರ್ಧ ಗಂಟೆ ಇಟ್ಟುಕೊಳ್ಳಿ. ಕಂಬಗಳ ಬೋದಿಗೆಗಳಲ್ಲಿ, ಕಮಾನಿನ ಸಂದಿಗಳಲ್ಲಿ ಮುಖಗಳಿವೆ. ವಾಷಿಂಗ್ಟನ್, ಲಿಂಕನ್, ಗ್ರಾಂಟ್ ಮುಂತಾದ 77 ಪ್ರಸಿದ್ಧರು. ಹೆಂಗಸರೇ ಇಲ್ಲವಲ್ಲ ಅಂತ ಆಕ್ಷೇಪ ಬಂದ ಮೇಲೆ ಕೆಲವರನ್ನು ಸೇರಿಸಿದರು. ಸೂಸನ್ ಆಂಥನಿ, ಕ್ಲಾರಾ ಬಾರ್ಟನ್, ಹ್ಯಾರಿಯೆಟ್ ಬೀಚರ್ ಸ್ಟೋವ್ ಅಲ್ಲಿದ್ದಾರೆ. ಇವರ ನಡುವೆ ಹೆಸರೇ ಇಲ್ಲದ ಎಷ್ಟೋ ಮುಖಗಳಿವೆ. ಕಲ್ಲುಕುಟಿಗರು ತಮ್ಮ ಮನೆಯವರನ್ನು, ಗೆಳೆಯರನ್ನು ಕಡೆದಿಟ್ಟರು ಅನ್ನುತ್ತಾರೆ. ನನಗೆ ಒಂದು ಮಗುವಿನ ಮುಖ ಕಂಡಿತು. ಕೆನ್ನೆ ದುಂಡಗೆ, ತುಟಿ ಸ್ವಲ್ಪ ತೆರೆದು, ನಿದ್ದೆಯಿಂದ ಈಗ ತಾನೇ ಎದ್ದ ಹಾಗೆ. ನಮ್ಮ ಬೇಲೂರಿನಲ್ಲಿ ಶಿಲ್ಪಿಗಳ ಹೆಸರು ಕಲ್ಲಿನ ಮೇಲೆ ಓದಿದವರು ನಾವು. ಇಲ್ಲಿ ಹೆಸರಿಲ್ಲ, ಮುಖ ಇದೆ.

ಆಲ್ಬನಿಯಲ್ಲಿದ್ದಾಗಲೇ ರಾಜ್ಯದ ಉಳಿದ ಕಟ್ಟಡಗಳೂ ಅವನ ಹೆಗಲಿಗೆ ಬಿದ್ದವು. ಅದರಲ್ಲಿ ಜಾಸ್ತಿ ಆರ್ಮರಿಗಳು. ಊರಿನ ಪಡೆಯವರು ಕವಾಯತು ಮಾಡುವ, ಬಂದೂಕು ಇಡುವ ಕಟ್ಟಡ. 1877ರ ದೊಡ್ಡ ರೈಲ್ವೆ ಮುಷ್ಕರದ ಗಲಭೆ ಆದ ಮೇಲೆ ಇಂಥವು ಬೇಕೆಂಬ ಒತ್ತಡ ಹೆಚ್ಚಿತ್ತು. ಪೊಕಿಪ್ಸಿ, ಜಿನೀವಾ, ಮಲೋನ್ ಹೀಗೆ ಊರೂರಿಗೆ 20ಕ್ಕೂ ಹೆಚ್ಚು ಆರ್ಮರಿ ಬರೆದ. ಇಟ್ಟಿಗೆ ಬುರುಜು ಮುಂದೆ, ಹಿಂದೆ ಕಂಬವೇ ಇಲ್ಲದ ದೊಡ್ಡ ಹಜಾರ. ಅವನನ್ನು ರಾಜ್ಯದ ಮೊದಲ ಸರ್ಕಾರಿ ಆರ್ಕಿಟೆಕ್ಟ್ ಅಂತ ಲೆಕ್ಕ ಹಾಕುವುದು ಇದಕ್ಕೇ. ಬಿಂಗ್‌ಹ್ಯಾಂಟನ್ ಅವನನ್ನು ಮರೆಯಲಿಲ್ಲ, ಅವನೂ ಊರನ್ನು ಬಿಡಲಿಲ್ಲ. ನೀವು ನೋಡಿದ ಗುಮ್ಮಟದ ಕೋರ್ಟು, ಬ್ರೂಮ್ ಕೌಂಟಿಯದು, 1897-98ರದು. ಬರೆಯುವಾಗ ಅವನಿಗೆ 75 ದಾಟಿತ್ತು. ಗುಡ್ಡದ ಮೇಲಿನ ಆಸ್ಪತ್ರೆಗೆ ಅಡಿಗಲ್ಲು ಬಿದ್ದು 40 ವರ್ಷ!

1899ರಲ್ಲಿ ಗವರ್ನರ್ ಆಗಿದ್ದ ಥಿಯೋಡರ್ ರೂಸ್‌ವೆಲ್ಟ್ ಕ್ಯಾಪಿಟಲ್ ಮುಗಿಯಿತು ಅಂತ ಘೋಷಿಸಿದರು. 32 ವರ್ಷ, ಸುಮಾರು ಎರಡೂವರೆ ಕೋಟಿ ಡಾಲರ್. ಫುಲ್ಲರ್ ಬರೆದಿದ್ದ ದೊಡ್ಡ ಗೋಪುರ ಮೇಲೇಳಲೇ ಇಲ್ಲ, ಅಷ್ಟು ಭಾರ ಹೊರುವುದು ಆಗದ ಮಾತಾಗಿತ್ತು. ಅದರ ಬದಲು ಪೆರ್ರಿ ಪೂರ್ವದ ಕಡೆಗೆ 77 ಮೆಟ್ಟಿಲುಗಳ ಅಗಲವಾದ ಏರುದಾರಿ ಕೊಟ್ಟ. ಅಲ್ಲೂ ಮೆಟ್ಟಿಲೇ. ಐದು ವರ್ಷದ ನಂತರ, 1904ರ ಮಾರ್ಚ್‌ನಲ್ಲಿ ತೀರಿಕೊಂಡ. 1911ರಲ್ಲಿ ಕ್ಯಾಪಿಟಲ್‌ಗೆ ಬೆಂಕಿ ಬಿದ್ದು ರಾಜ್ಯದ ಗ್ರಂಥಾಲಯವೇ ಬೂದಿಯಾಯಿತು. ಪಕ್ಕದ ಮೆಟ್ಟಿಲು ಏಟು ತಿಂದರೂ ನಿಂತಿತು.

ಈಗಲೂ ಹಾಗೆ ಆಗಬಹುದೇ ಅನ್ನುವುದಕ್ಕೆ ನೇರ ಉತ್ತರ. ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದೆ ಆರ್ಕಿಟೆಕ್ಟ್ ಅಂತ ಹೆಸರಿಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೆ ಐದು ವರ್ಷದ ಬಿ.ಆರ್ಕ್ ಓದಬೇಕು. ಪೆರ್ರಿಯ ನ್ಯೂಯಾರ್ಕ್‌ನಲ್ಲಿ ಮಾತ್ರ, ಡಿಗ್ರಿ ಇಲ್ಲದಿದ್ದರೂ ಲೈಸೆನ್ಸಿದ್ದವರ ಕೈಕೆಳಗೆ ಹೆಚ್ಚು ವರ್ಷ ದುಡಿದು ಪರೀಕ್ಷೆ ಬರೆಯುವ ದಾರಿ ಇಟ್ಟಿದ್ದಾರೆ. ಕಾನೂನು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಶಾಲೆಯ ಹುಡುಗನ ತುಟಿ ನನಗೆ ಇನ್ನೂ ನೆನಪಿದೆ. ಆದರೆ ನನ್ನ ಆಫೀಸಿಗೆ ಬರುವ ಹೊಸ ಹುಡುಗ ಹುಡುಗಿಯರನ್ನು ನಾನು ಮೊದಲ ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ರಸಮಟ್ಟ, ತೂಗುಗುಂಡು ಕೈಗೆ ಕೊಟ್ಟು ಮೇಸ್ತ್ರಿ ಜೊತೆ ಕಳಿಸುತ್ತೇನೆ. ಒಂದು ಮೆಟ್ಟಿಲನ್ನು ಅವರೇ ನೆಲದ ಮೇಲೆ ಗೆರೆ ಹಾಕಿ, ಎದ್ದು ನಿಲ್ಲುವ ತನಕ ನೋಡಬೇಕು.

ಮಗಳನ್ನು ನೋಡಲು ಮತ್ತೆ ಹೋದಾಗ ಆಲ್ಬನಿಗೆ ಒಂದು ದಿನ ಇಟ್ಟುಕೊಳ್ಳಿ. ಬಿಂಗ್‌ಹ್ಯಾಂಟನ್‌ನಿಂದ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ವಾರದ ದಿನಗಳಲ್ಲಿ ಕ್ಯಾಪಿಟಲ್ ಒಳಗೆ ಉಚಿತವಾಗಿ ಸುತ್ತಿಸಿ ತೋರಿಸುತ್ತಾರೆ, ಹೋಗುವ ಮೊದಲು ಸಮಯ ವಿಚಾರಿಸಿಕೊಳ್ಳಿ. ಮಂಡಿ ನೋವಿದ್ದರೆ ಲಿಫ್ಟ್ ಇದೆ. ಆದರೂ ಒಂದು ಅಂತಸ್ತಾದರೂ ಮೆಟ್ಟಿಲಲ್ಲೇ ಹತ್ತಿ, ನಿಧಾನವಾಗಿ, ಹಿಡಿಕೆ ಹಿಡಿದು. ಆ ಮಗುವಿನ ಮುಖ ನಿಮಗೂ ಸಿಕ್ಕರೆ ನನಗೆ ಬರೆಯಿರಿ.